ದಾರದ ಆ ತುದಿ

ರಶೀದ್ ಚಾಚಾನ ಬೇಕರಿಯಿಂದ
ಹಳೇ ಪೇಪರಿನಾಗ ಖಮೀರ ಕಟ್ಟಿಸಿಕೊಂಡು ಬಂದೆ.
"ಬಿಸಲಾಗ ಇಡಬ್ಯಾಡವ್ವ, ಓಡಿ ಹೋಗ್ತದ" ಅಂದ,
ಕರು ಮಾರಿದಂಗ.

ಎರಡು ತಾಸು ಉಬ್ಬಲಿ ಅಂತ ಪುಸ್ತಕದಾಗ ಬರದಾರ.
ಬರದವರು ಶಹಾಬಾದದ ಮೇ ತಿಂಗಳು ನೋಡಿಲ್ಲ.
ಮುಕ್ಕಾಲು ತಾಸಿಗೇ ಹಿಟ್ಟು
ಬೋಗುಣಿ ಮ್ಯಾಲಿನ ಒದ್ದಿ ಅರಬಿ ಎತ್ತಿ
ಹೊರಗ ಹಣಿಕಿ ಹಾಕಿತು.

ಅಡಗಿ ಕಟ್ಟಿ ನಮ್ಮೂರ ಪರಸಿ.
ಅಂಚು ಒಡದದ ಅಂತ ಮುಕಾದಮ ಬ್ಯಾಡಂದ ಕಲ್ಲು,
ಮಾವ ಸಾಬಣ್ಣ ಖಣಿಯಿಂದ ಹೊತ್ತು ತಂದಿದ್ದ.
ಎಂಥಾ ಬ್ಯಾಸಗಿಯಾಗೂ ತಣ್ಣಗ ಇರತದ.
ಅದರ ಮ್ಯಾಲ ಮೈದಾ ಉದುರಿಸಿ ಲಟ್ಟಿಸಿದೆ,
ಬೆಣ್ಣಿ ಸವರಿದೆ, ಬೆಲ್ಲದ ಪುಡಿ,
ಕುಟ್ಟಿದ ದಾಲ್ಚಿನ್ನಿ.

ಅತ್ತಿ ಮರೆಮ್ಮ ಬಾಗಲದಾಗ ಕುಂತು ನೋಡಲಾಕತ್ತಾಳ.
ನಲವತ್ತು ವರ್ಷ ರೊಟ್ಟಿ ಬಡದ ಕೈ
ಮಡಲಾಗ ಸುಮ್ಮನ ಬಿದ್ದಾವ.
ಜೋಳದ ಹಿಟ್ಟಿಗೆ ಸುತ್ತಿಕೊಳ್ಳೂದು ಗೊತ್ತಿಲ್ಲ,
ಮಡಚಲಾಕ ಹೋದ್ರ ಮುರೀತದ,
ಇದ್ದಿದ್ದು ಇದ್ದಂಗ ಹಂಚಿನ ಮ್ಯಾಲ ಬೀಳತದ.
"ಇದೇನ ಇದು, ಹಾಸಿಗಿ ಸುತ್ತಿದಂಗ ಸುತ್ತಲಾಕತ್ತಿ?"
ಮಾವ ಹೋದ ಮ್ಯಾಲ
ಅಡಗಿಮನಿ ಕಡಿ ಮುಖ ಮಾಡಿ ಅಕಿ ಆಡಿದ
ಮೊದಲನೇ ಮಾತು.

ಚಾಕು ಹಚ್ಚಿದ್ರ ಸುರುಳಿ ಚಪ್ಪಟಾಗ್ತದ.
ಅದಕ್ಕ ಹೊಲಿಗಿ ಮಷಿನ್ನಿನ ರೀಲು ತಂದೆ,
ಬಿಳಿ ದಾರ, ಒಂದು ಮೊಳ.
ಕೆಳಗ ತೂರಿಸಿ, ಮ್ಯಾಲ ತಂದು,
ಅಡ್ಡಡ್ಡ ಜಗ್ಗಬೇಕು.
ಮೊದಲನೇದು ದಪ್ಪಾತು, ಎರಡನೇದು ಸೊಟ್ಟಾತು.
ಮೂರನೇದಕ್ಕ ಅತ್ತಿ ಎದ್ದು ಬಂದು
ದಾರದ ಆ ತುದಿ ಹಿಡಕೊಂಡಳು.

ಅಕಿ ಹೇಳಲಿಲ್ಲ, ನಾ ಕೇಳಲಿಲ್ಲ.
ಖಣಿಯಾಗ, ಕೆಮ್ಮಣ್ಣಿನಾಗ ಅದ್ದಿದ ಸುತಳಿ,
ಅವ ಆ ಕಡಿ, ಇಕಿ ಈ ಕಡಿ,
ಬಿಗಿ ಹಿಡದು ನಡುವ ಒಮ್ಮೆ ಎತ್ತಿ ಬಿಟ್ರ
ಕಲ್ಲಿನ ಮ್ಯಾಲ ಕೆಂಪು ಗೆರಿ,
ಅದರ ಬೆನ್ನಿಗೆ ಉಳಿ.
ಅಳತಿ ಪಟ್ಟಿ ಬ್ಯಾಡ, ಕಣ್ಣೇ ಸಾಕಿತ್ತಂತ.

"ಜಗ್ಗು" ಅಂದಳು. ಜಗ್ಗಿದೆ.
"ಸಡಲ ಬಿಡಬ್ಯಾಡ."
ಹತ್ತು ತುಂಡು, ತಕ್ಕಡಿಯಾಗ ತೂಗಿದಂಗ.

ಓವನ್ ಎಲ್ಲಿಂದ ಬರಬೇಕು?
ದೊಡ್ಡ ಪಾತೇಲಿಯಾಗ ಕಾಗಿಣಾ ನದಿ ಉಸುಕು,
ಬಾಯಿಗೆ ತಾಟು, ತಾಟಿನ ಮ್ಯಾಲ ರುಬ್ಬು ಗುಂಡು,
ಸಣ್ಣ ಉರಿ.
ಅಷ್ಟರಾಗ ಕರೆಂಟ್ ಹೋಯ್ತು.
ವಾಸನಿಗೆ ಕರೆಂಟ್ ಬೇಕಾಗಿಲ್ಲ,
ಅದು ಗ್ವಾಡಿ ಜಿಗದು ಹೋಗಿತ್ತು ಆಗಲೇ.
ಖಾಜಾಬಿ ಆಚಿಂದ ಕೂಗಿದಳು:
"ನಮ್ಮನ್ನ ಬಿಟ್ಟು ಬಿರ್ಯಾನಿ ಏನ್ರೀ?"
"ಹೌದು ಚಾಚಿ, ಸಿಹಿ ಬಿರ್ಯಾನಿ"
ಅಂದಳು ನಮ್ಮ ನಿಂಗು.

ಮೊಂಬತ್ತಿ ಬೆಳಕಿನಾಗ ತಾಟು ತಗದ್ರ
ಹನ್ನೆರಡೂ ಉಬ್ಬಿ, ಒಂದಕ್ಕೊಂದು ಒತ್ತಿ ಕುಂತಾವ,
ಬಸ್ಸಿನ ಹಿಂದಿನ ಸೀಟಿನ ಮಂದಿಯಂಗ.
ಪಾಳಿ ಮುಗಿಸಿ ಬಂದ ಗಂಡ
ಕೈ ತೊಳೀದೇ ಎರಡು ತಿಂದ.
ನಿಂಗು ನಡುವಿನ ಮೆತ್ತಂದು ಕಿತ್ತುಕೊಂಡು
ಸುತ್ತಿಂದು ತಮ್ಮಗ ಕೊಟ್ಟಳು.
ಖಾಜಾಬಿಗೆ ಮೂರು ಹೋದವು ಗ್ವಾಡಿ ಮ್ಯಾಲಿಂದ.

ಅತ್ತಿ, ನಾ ಕತ್ತರಿಸಿದ ಸೊಟ್ಟಂದೇ ಆರಿಸಿಕೊಂಡಳು.
ಹೊರಗಿನ ಸುತ್ತಿನಿಂದ ಬಿಚ್ಚಿಕೋತ,
ಹಲ್ಲಿಲ್ಲದ ಬಾಯಾಗ ಬೆಲ್ಲ ಕರಗಿಸಿಕೋತ,
ಒಂದೊಂದೇ ಬೆರಳಗಲ,
ನಡುವಿಗೆ ಬಂದು ನಿಂತಳು.
ಒತ್ತಿ ನೋಡಿದಳು.
"ಒಳಗ ಇನ್ನಾ ಹಸಿ ಅದ" ಅಂದಳು.
ಅಂದು,
ಅದನ್ನೂ ತಿಂದಳು.