ನಾಲ್ಕು ಬೆರಳು

ಗುತ್ತಲು ರಸ್ತೆಯ ಫ್ಲೆಕ್ಸ್ ಅಂಗಡಿಯಲ್ಲಿ
ಮೊದಲ ದಿನ ಅಫ್ರೋಜಣ್ಣ ಕಲಿಸಿದ್ದು ಕಸ ಗುಡಿಸುವುದು.
ಕತ್ತರಿಸಿ ಬಿದ್ದ ಅಂಚುಗಳಲ್ಲಿ
ಯಾರದೋ ಹುಟ್ಟುಹಬ್ಬದ ಅರ್ಧ ಮೀಸೆ,
ಹಾರ್ದಿಕ ಸ್ವಾಗತದ ಹಾ,
ಮೂಗಿಗೇರುವ ಶಾಯಿಯ ಘಾಟು.
ಎರಡನೆಯ ದಿನ ಮೌಸು ಕೊಟ್ಟ.
"ಒಂದು ಅಚ್ಚುಬೆಲ್ಲ ಬರಿ, ಮಂಡ್ಯದವಳಲ್ಲವಾ."

ಪೆನ್ ಟೂಲಿಗೆ ಶಾಯಿಯಿಲ್ಲ, ನಿಬ್ಬಿಲ್ಲ.
ಚುಕ್ಕಿಯಿಟ್ಟು ಎಳೆದರೆ ಎರಡು ಕೊಂಬು ಮೂಡುತ್ತವೆ,
ಹ್ಯಾಂಡಲ್ ಅಂತೆ ಅವುಗಳ ಹೆಸರು.
ನನ್ನ ಬೆಲ್ಲ ನೀರಿಗೆ ಬಿದ್ದದ್ದರ ಹಾಗೆ ಒಂದು ಕಡೆ ಕುಸಿಯಿತು.
ಅಣ್ಣ ನಗಲಿಲ್ಲ. "ಸೈಕಲ್ ಹೊಡೀತೀಯಾ?"
"ದಿನಾ, ನಾಲೆ ಏರಿ ಮೇಲೆ."
"ತಿರುವು ಬಂದ ಮೇಲೆ ತಿರುಗಿಸ್ತೀಯೋ, ಮುಂಚೆಯೋ?"
ಆ ಸಂಜೆ ನೋಡಿಕೊಂಡೆ:
ಹೊಂಗೆಮರ ಇನ್ನೂ ನಾಲ್ಕು ಮಾರು ದೂರವಿರುವಾಗಲೇ
ನನ್ನ ಹ್ಯಾಂಡಲ್ಲು ವಾಲಿರುತ್ತದೆ.
ಮರುದಿನ ಬೆಲ್ಲ ಅಚ್ಚಿನಿಂದ ಬಿದ್ದಂತೆ ಬಿತ್ತು.

ಅಕ್ಷರದ ಪಾಠಕ್ಕೆ ಅವರವರ ಹೆಸರೇ ಆಗಬೇಕು.
ನನ್ನದು ಜ್ಯೋತ್ಸ್ನಾ.
ಹೆರಿಗೆ ಮಾಡಿಸಿದ ನರ್ಸು ಇಟ್ಟು ಹೋದದ್ದು;
ಮನೆಯಲ್ಲಿ ಯಾರಿಗೂ ನಾಲಿಗೆ ಹೊರಳದೆ ಜೋಸ್ನ.
ಕಂಪ್ಯೂಟರಿಗೂ ಹೊರಳಲಿಲ್ಲ.
ತ, ಸ, ನ ತಲೆಗೊಂದು ಕೊಕ್ಕೆ ಸಿಕ್ಕಿಸಿಕೊಂಡು
ರೇಷನ್ ಸಾಲಿನ ಅಪರಿಚಿತರಂತೆ ನಿಂತವು.
ಫಾಂಟು ಬದಲಿಸಿದೆ. ಒತ್ತುಗಳು ಕೆಳಗಿಳಿದವು,
ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆದವು.
"ಸಾಲಿನ ನಡುವೆ ಜಾಗ ಬಿಡು. ಇಂಗ್ಲಿಷಿಗೆ ಬಿಟ್ಟಷ್ಟು ನಮಗೆ ಸಾಲದು,
ನಮ್ಮ ಅಕ್ಷರಕ್ಕೆ ಕಾಲಿದೆ,
ಕಾಲಿಗೆ ತೆಕ್ಕೆ ಬಿದ್ದ ಮಗುವೂ ಇದೆ."
ಬಿಟ್ಟೆ. ಹತ್ತೊಂಬತ್ತು ವರ್ಷಕ್ಕೆ
ನನ್ನ ಹೆಸರು ಪೂರ್ತಿ ನೋಡಿದೆ.

ಆಮೇಲೆ ಕೀಲಾರದಿಂದ ನಿಂಗಾಜಮ್ಮ ಬಂದರು,
ಸೆರಗಿನಲ್ಲಿ ಸುತ್ತಿದ ಫೋಟೊ.
ಕೆಆರೆಸ್ಸಿನ ಕಾರಂಜಿ ಮುಂದೆ ಹನ್ನೊಂದು ಜನ.
"ಇವ್ರು," ಎಂದು ಉಗುರಿಟ್ಟರು,
"ಇವ್ರೊಬ್ರೇ ಬೇಕು. ನಾಡಿದ್ದು ತಿಥಿ."
ಅಣ್ಣ ನನ್ನ ಕಡೆ ನೋಡಿದ.

ಹತ್ತು ಜನರನ್ನು ಅಳಿಸುವುದು ಸುಲಭ.
ಉಳಿದದ್ದು ನಾಲ್ಕು ಬೆರಳು,
ಸತ್ತವರ ಎಡಭುಜದ ಮೇಲೆ, ತೋಳಿಲ್ಲದೆ, ಆಳಿಲ್ಲದೆ.
ಅಂಗಿಯ ಚೆನ್ನಾಗಿರುವ ಕಡೆಯಿಂದ ಚೂರು ಚೂರೇ ಎತ್ತಿ
ಬೆರಳಿನ ಮೇಲೆ ಹೊದಿಸುತ್ತ ಬಂದೆ,
ಚೌಕಳಿಗೆ ಚೌಕಳಿ ಸೇರಬೇಕು.
ಊಟದ ಹೊತ್ತು ಮೀರಿತು.
ಕಡೆಗೆ ಭುಜ ಖಾಲಿ. ಹಿಂದೆ ನೀಲಿ ಆಕಾಶ,
ಎರಡು ದೀಪ, ಶ್ರದ್ಧಾಂಜಲಿಯ ಒತ್ತುಗಳಿಗೆ ಬೇಕಾದಷ್ಟು ಜಾಗ.
"ಭೇಷ್," ಎಂದ ಅಣ್ಣ. ಪ್ರಿಂಟು ಹಾಕಿದೆವು.

ನಿಂಗಾಜಮ್ಮ ಫ್ಲೆಕ್ಸಿನ ಭುಜ ಸವರಿದರು.
"ಇಲ್ಲೊಂದ್ ಕಯ್ಯಿತ್ತಲ್ಲವ್ವ?"
"ತೆಗೆದೆ. ಬೇರೆಯವರದು ಅಂತ..."
"ಬ್ಯಾರೇವ್ರದಾ? ಇವ್ರ ತಮ್ಮುಂದು ಕಣ್ ಮಗ.
ಬದಿನ್ ಜಗ್ಳಾಗಕ್ ಮುಂಚಿನ್ ಪೋಟ."
ಬಾಗಿಲಾಚೆ ಟೀವಿಎಸ್ ಮೇಲೆ ಒಬ್ಬರು ಕೂತಿದ್ದರು,
ಒಳಗೆ ಬಾರದೆ, ಆ ಕಡೆ ತಿರುಗಿ.

ಫೈಲು ಒಮ್ಮೆ ಮುಚ್ಚಿದರೆ ಅಂಡೂ ಹಿಂದಕ್ಕೆ ಹೋಗದು.
ಆದರೆ ಅಣ್ಣನದೊಂದು ಬೈಗುಳವಿತ್ತು, ಮೊದಲ ವಾರದ್ದು:
ಕೆಳಗಿನದನ್ನು ಮುಟ್ಟಬೇಡ ಕತ್ತೆ,
ಏನೇ ಮಾಡು, ಮೇಲೊಂದು ಪದರ ಹಾಕಿ ಮಾಡು.
ಆ ಪದರದ ಪಕ್ಕದ ಪುಟ್ಟ ಕಣ್ಣು ಮುಚ್ಚಿದೆ.
ಬೆರಳು ಇದ್ದ ಹಾಗೆಯೇ ಇದ್ದವು.

ಎರಡನೆಯ ಪ್ರಿಂಟಿಗೆ ದುಡ್ಡು ಎಣಿಸಿದ್ದು
ಹೊರಗೆ ಕೂತಿದ್ದವರು. ಮಾತಾಡಲಿಲ್ಲ.
ತೋರುಬೆರಳಿನ ತುದಿ ಗಾಣಕ್ಕೆ ಸಿಕ್ಕಿ ಮೊಂಡು.
ನಾನೂರು ಪಾಲು ಹಿಗ್ಗಿಸಿ ನೋಡಿದವಳು,
ನನಗೆ ಗುರುತಾಗದೇ?

ಕೈಯಿಲ್ಲದ ಮೊದಲ ಫ್ಲೆಕ್ಸನ್ನು ಮಗುಚಿ
ಜನರೇಟರಿಗೆ ಹೊದಿಸಿದ್ದೇವೆ.
ಗಾಳಿ ಬಂದಾಗ ಒಂದು ಅಂಚು ಎದ್ದು
ನೀಲಿ ಕಾಣುತ್ತದೆ.