ಬಜಾರಿ, ಒಂದನೇ ಸಂಚಿಕೆ

ಬಂಗಾರದಂಗಡಿಯ ಜಾಹೀರಾತಿನಿಂದ ಬ,
ಜಾತಕ ಕೂಡಿಬರಲೇಬೇಕೆಂಬ ವರನಿಂದ ಜಾ.
ರಿ ಸಿಗಲಿಲ್ಲ.
ಹಾಸನದ ಪೆನ್ಷನ್ ಮೊಹಲ್ಲಾ, ನಮ್ಮ ಬಾಡಿಗೆ ಕೋಣೆ,
ಮೂವರೂ ಹಳೇ ಪೇಪರು ಜಾಲಾಡುತ್ತಿದ್ದೆವು.
ಖೈರುನ್ನೀಸಾ ಬ್ಯಾಗಿನಿಂದ ಮಡಿಚಿದ ಹಾಳೆ ತೆಗೆದಳು:
ಗಾರ್ಮೆಂಟಿನ ಗೋಡೆಯಿಂದ ಕಿತ್ತ ನೋಟೀಸು,
'ಶೌಚಕ್ಕೆ ಏಳು ನಿಮಿಷ. ಮೀರದಿರಿ.'
ಕೊನೆಯಕ್ಷರಕ್ಕೆ ಕತ್ತರಿ ಇಟ್ಟೆವು.

ಗೋಂದಿಗೆ ರಾತ್ರಿಯ ಅನ್ನ.
ಫೋನಿನಲ್ಲಿ ಯಾವುದೋ ದೇಶದ ಹುಡುಗಿ ಅರಚುತ್ತಿದ್ದಳು,
ಮಾತು ತಿಳಿಯಲಿಲ್ಲ, ಗಂಟಲು ತಿಳಿಯಿತು.

ಎರಡು ಹಾಳೆ, ಮಡಿಚಿದರೆ ಎಂಟು ಪುಟ.
ನಾಲ್ಕನೆಯದು ಜಯಶೀಲಕ್ಕನದು,
ಬರೀತೀನಿ ಬರೀತೀನಿ ಅಂತ ಬರೆಯದ್ದು.
'ಖಾಲಿನೇ ಹೋಗ್ಲಿ ಬಿಡ್ರೇ,
ಓದೋರಿಗೆ ಗೊತ್ತಾಗುತ್ತೆ.'

ಬಿ.ಎಂ. ರಸ್ತೆಯ ಜೆರಾಕ್ಸಿನ ಧರಣೇಂದ್ರಣ್ಣ
ಮುಖಪುಟ ತಿರುಗಿಸಿ ಮುರುಗಿಸಿ ನೋಡಿದ.
'ಅಕ್ಷರ ಸೊಟ್ಟಗಿದೆಯಲ್ಲಮ್ಮ?'
'ಹಂಗೇ ಇರಬೇಕಣ್ಣ.'
ಹಿಂಬದಿಗೆ ಚಿತ್ರವಿರಲಿಲ್ಲ.
ಸೂಜಿ ಹೊಕ್ಕ ಉಗುರಿನ ಸಮೇತ
ಅಂಗೈಯನ್ನೇ ಗಾಜಿನ ಮೇಲೆ ಒತ್ತಿದೆ.
ಹಸಿರು ಬೆಳಕು ಅಡಿಯಲ್ಲಿ ಹರಿದುಹೋಯಿತು.

ನಲವತ್ತು ಪ್ರತಿ.
ಹದಿನೆಂಟಕ್ಕೇ ಸ್ಟೇಪ್ಲರ್ ಕೈಕೊಟ್ಟಿತು.
ಉಣ್ಣಲು ಕರೆಯಬಂದ ಅವ್ವ
ನೆಲದ ಮೇಲಿನ ಹೆಸರನ್ನು ಕೂಡಿಸಿ ಕೂಡಿಸಿ ಓದಿದಳು.
'ನಿಮ್ಮಜ್ಜಿ ನನ್ನ ಕರೀತಿದ್ದದ್ದೂ ಇದೇ.'
ಕೂತಳು.
ತಾಳಿಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು
ಒಂದೊಂದೇ ಬಿಚ್ಚಿ ಕೊಟ್ಟಳು.

ಐದೇ ಇದ್ದವು.
ಉಳಿದ ಹದಿನೇಳು ನಾಳೆ,
ಫ್ಯಾಕ್ಟರಿಯ ದಾರದಲ್ಲಿ,
ಏಳು ನಿಮಿಷದೊಳಗೆ.