ಮೂಡಗಾಳಿ, ರಾತ್ರಿಪಾಳಿ

ಅಲ್ಹೆಸಿರಾಸ್ ಬಂದರಿನ ಆರನೇ ಮಹಡಿಯಲ್ಲಿ
ಅರಾಸೆಲಿ ಕಾಫಿ ಲೋಟಕ್ಕೆ ತಟ್ಟೆ ಮುಚ್ಚಿಟ್ಟಿದ್ದಾಳೆ.
ಕಿಟಕಿಯ ಸಂದಿಯಲ್ಲಿ ಲೆವಾಂತೆ ಸಿಳ್ಳೆ ಹಾಕುತ್ತಿದೆ,
ಮೂಡಣದಿಂದ, ಜಲಸಂಧಿಯ ಕತ್ತು ಹಿಸುಕಿಕೊಂಡು.

ತರೀಫಾ ಗುಡ್ಡದ ಗಾಳಿಯಂತ್ರಗಳು
ಮೈಮೇಲೆ ಬಂದಂತೆ ತಿರುಗಿ ಕರೆಂಟು ಸುರಿಯುತ್ತಿವೆ.
ಇಲ್ಲಿ ಕ್ರೇನುಗಳು ಮಾತ್ರ
ಕತ್ತು ಮೇಲೆತ್ತಿ ನಿಂತುಬಿಟ್ಟಿವೆ.
ಇಂಥ ಗಾಳಿಯಲ್ಲಿ ನಲವತ್ತಡಿ ಪೆಟ್ಟಿಗೆ ತೂಗಾಡಿದರೆ
ಯಾರ ತಲೆಯ ಮೇಲೋ.

ಹಲ್ಲಿದ್ದಾಗ ಕಡಲೆಯಿಲ್ಲ.
ಬೆಳಿಗ್ಗೆ ಗಾಳಿ ಬಿದ್ದೊಡನೆ ಹದಿನೆಂಟು ಕ್ರೇನು
ಒಟ್ಟಿಗೆ ಹಸಿದು ಏಳುತ್ತವೆ,
ಆಗ ಗುಡ್ಡದ ಮೇಲೆ ಎಲೆಯೂ ಅಲುಗದು.

ಮುನ್ಸೂಚನೆ: ನಾಲ್ಕಕ್ಕೆ ಇಳಿಯಬಹುದು.
ಬಹುದು.
ಈ ಮೂರಕ್ಷರದ ಮೇಲೆ ಎರಡು ಹಡಗು, ಮುನ್ನೂರು ಲಾರಿ,
ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಿದ್ದೆಹೋದ
ಟ್ಯಾಂಜಿಯರ್‌ನ ಚಾಲಕರು.
ಬ್ಯಾಟರಿಗಳಿಗೋ ಕಂಠಮಟ್ಟ ತುಂಬಿದೆ,
ಇನ್ನೊಂದು ತುತ್ತು ಹಿಡಿಸದು.

ಫೋನೆತ್ತುತ್ತಾಳೆ.
"ಫೆರ್ಮಿನ್, ಅಂಗಳದಲ್ಲಿ ಸಿಗಡಿ ಎಷ್ಟು ಪೆಟ್ಟಿಗೆ?"
"ನಾನೂರ ಹನ್ನೆರಡು. ಮೈನಸ್ ಹದಿನೆಂಟರಲ್ಲಿ ಮಲಗಿವೆ."
"ಇಪ್ಪತ್ತಮೂರಕ್ಕಿಳಿಸು."
"ಸತ್ತ ಸಿಗಡಿ ಇನ್ನೆಷ್ಟು ಸಾಯಬೇಕು?"
"ಸಾಯೋದಕ್ಕಲ್ಲ ಮಾರಾಯ, ಬುತ್ತಿ ಕಟ್ಟೋದಕ್ಕೆ.
ಬೆಳಿಗ್ಗೆ ನಾಲ್ಕು ತಾಸು ಅವು ನನ್ನ ಹತ್ತಿರ ಕರೆಂಟು ಕೇಳಬಾರದು."

ಅಂಗಳದ ತುಂಬ ಕಂಪ್ರೆಸರುಗಳ ಗುಂಯ್‌ಗುಡುವಿಕೆ.
ಗಾಳಿ ಚಳಿಯಾಗಿ
ಸಿಗಡಿಯ ಬಾಗಿದ ಬೆನ್ನೊಳಗೆ ಹೋಗಿ ಕೂರುತ್ತಿದೆ.

ಅವಳಪ್ಪ ಮೀನುಗಾರ. ಲೆವಾಂತೆಯ ದಿನ
ಗಾಳಿಯನ್ನು ಬೈದವನಲ್ಲ,
ಹೊಸಿಲ ಮೇಲೆ ಕೂತು ಹರಿದ ಬಲೆ ಹೆಣೆಯುತ್ತಿದ್ದ.
ಕೆಲಸ ಬದಲಾಗುತ್ತಿತ್ತು, ಅಷ್ಟೆ.

ನಾಲ್ಕಾಯಿತು. ಇಳಿಯಲಿಲ್ಲ.
ಐದಕ್ಕೆ ಲಾರಿಯೊಂದು ಹಾರ್ನ್ ಒತ್ತಿತು, ಆಮೇಲೆ ಎಲ್ಲವೂ.
ಲಂಗರಿನಲ್ಲಿದ್ದ ಹಡಗು ತನ್ನ ಡೀಸೆಲ್ ಉರಿಸಿಕೊಂಡೇ ನಿಂತಿತು,
ಹೊಗೆ ಅಡ್ಡಡ್ಡ ಹರಿಯಿತು ಪಡುವಣಕ್ಕೆ.
ಅದಕ್ಕೆ ಅವಳ ಬಳಿ ಉಪಾಯವಿರಲಿಲ್ಲ.

ಆರೂ ಹತ್ತಕ್ಕೆ
ಯಾರೋ ಫ್ಯಾನ್ ಆರಿಸಿದ ಹಾಗೆ ನಿಂತಿತು.
ಕ್ರೇನುಗಳು ಒಂದೊಂದಾಗಿ ಕತ್ತು ಬಗ್ಗಿಸಿದವು.
ಅವಳು ಗುಂಡಿ ಒತ್ತಿದಳು;
ನಾನೂರ ಹನ್ನೆರಡು ಪೆಟ್ಟಿಗೆ ಒಟ್ಟಿಗೆ ಉಸಿರು ಕಟ್ಟಿದವು.
ಆ ಸದ್ದಿಲ್ಲದ ಸಂದಿನಲ್ಲಿ ಕಡಲಹಕ್ಕಿಗಳು ಕೇಳಿಸಿದವು,
ದೂರದಲ್ಲಿ ಫೆರ್ಮಿನ್ ಯಾರನ್ನೋ ಬೈಯುವುದೂ.

ತಟ್ಟೆ ತೆಗೆದಳು.
ಕಾಫಿ ಆರಿ ತಣ್ಣಗಾಗಿತ್ತು.
ಹಾಗೇ ಕುಡಿದಳು.